ಹುಣಿಸೆ ಓಣಿಯ ಎರಡನೆಯ ಅಂಕಿ

ಫಲಕದ ಐದನೆಯ ಪಟ್ಟಿಯೂ ಹಸಿರಾದಾಗ ನಾನು ಪುರಸಭೆಯ ದೊಡ್ಡ ಕೋಣೆಯಲ್ಲಿ ಕುರ್ಚಿ ಹತ್ತಿ ನಿಂತು ಕೇಕೆ ಹಾಕಿದೆ. ಮೂವತ್ತೆರಡು ವರ್ಷದ ಹೆಂಗಸು, ಸರ್ಕಾರಿ ಕುರ್ಚಿಯ ಮೇಲೆ, ಬರಿಗಾಲಲ್ಲಿ. ಅಧ್ಯಕ್ಷರು ಮೊದಲು ಗಾಬರಿಯಾದರು, ಆಮೇಲೆ ಗೋಡೆಯ ಮೇಲಿನ ಫಲಕ ನೋಡಿ ತಾವೂ ಚಪ್ಪಾಳೆ ತಟ್ಟಿದರು. ಹದಿನಾಲ್ಕು ತಿಂಗಳ ಕೆಲಸ ಅದು. ನಮ್ಮೂರಿನ ಐದು ಓಣಿಗಳ ಐದು ಯಂತ್ರಗಳನ್ನು ಒಂದೇ ಕಡೆ ಕೂತು ನೋಡುವುದು ಆಗದ ಮಾತು ಎಂದು ಅಜ್ಜಂದಿರ ಕಾಲದಿಂದಲೂ ಹೇಳುತ್ತಿದ್ದರು. ಆಗದ ಮಾತು ಎಂದು ಯಾರಾದರೂ ಅಂದರೆ ನನಗೆ ಕೈ ತುರಿಸಲು ಶುರುವಾಗುತ್ತದೆ.

ನಮ್ಮೂರಲ್ಲಿ ಜನರ ನೆನಪು ಅವರವರ ಓಣಿಯ ಯಂತ್ರದಲ್ಲಿ ಇರುತ್ತದೆ. ಒಂದು ಮನೆಯಲ್ಲಿ ಮೂರು ರಾತ್ರಿ ಮಲಗಿದರೆ ಅಲ್ಲಿಂದ ಮುಂದಿನದೆಲ್ಲ ಆ ಓಣಿಯ ಯಂತ್ರಕ್ಕೆ ಸೇರುತ್ತದೆ. ಡಿಸ್ಕಿನಲ್ಲಿ ಜಾಗ ಇರುವ ತನಕ ಯಾರಿಗೂ ಅದರ ಚಿಂತೆ ಇಲ್ಲ. ಜಾಗ ತುಂಬಿದರೆ ಹಳೆಯದೇನೂ ಹೋಗುವುದಿಲ್ಲ, ಹೊಸದು ನಿಲ್ಲುವುದಿಲ್ಲ, ಅಷ್ಟೆ. ಒಂದು ಲೋಟ ಚಹಾ ಆರುವಷ್ಟು ಹೊತ್ತು ಕೈಯಲ್ಲಿದ್ದು ಜಾರಿಹೋಗುತ್ತದೆ. ನಾನು ಚಿಕ್ಕವಳಿದ್ದಾಗ ಕಂಚಗಾರ ಓಣಿ ಒಮ್ಮೆ ತುಂಬಿತ್ತು. ಆ ಓಣಿಯವರು ಒಬ್ಬಳೇ ಮದುಮಗಳಿಗೆ ಒಂದೇ ದಿನ ನಾಲ್ಕು ಸಲ ಅರಿಸಿನ ಹಚ್ಚಿ ಎರೆದರು. ಅದಕ್ಕೇ ಪ್ರತಿ ಅಮಾವಾಸ್ಯೆಗೆ ಮನೆಗೊಂದು ನೆನಪು ಬಿಟ್ಟುಕೊಡುವ ಪದ್ಧತಿ. ಯಂತ್ರದ ಮನೆಗೆ ಹೋಗಿ, ಯಾವುದನ್ನು ಅಳಿಸಬೇಕೆಂದು ಅಲ್ಲಿ ಕಾಯುವವರ ಕಿವಿಯಲ್ಲಿ ಹೇಳಿ, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ಬರುತ್ತಾರೆ. ಹೆಚ್ಚಿನವರು ಬಿಡುವುದು ಬಸ್ಸಿಗೆ ಕಾದದ್ದು, ಹಳೆಯ ಹಲ್ಲುನೋವು, ಬೀಗರ ಮನೆಯಲ್ಲಿ ಆದ ಮಾತು.

ಐದು ಯಂತ್ರಗಳನ್ನೂ ನಡೆಸುವುದು ಯುನಿಕ್ಸ್ ಎಂಬ ಹಳೆಯ ತಂತ್ರಾಂಶವೇ. ಒಂದೇ ತಾಯಿಯ ಮಕ್ಕಳು, ಐದು ಮನೆಗೆ ದತ್ತು ಹೋಗಿ ಐದು ಥರ ಬೆಳೆದವರು. ಮುಖ ನೋಡಿದರೆ ಒಡಹುಟ್ಟಿದವರೆಂದು ಗೊತ್ತಾಗುತ್ತದೆ, ಮಾತಿಗೆ ಇಳಿದರೆ ಒಬ್ಬರದು ಒಬ್ಬರಿಗೆ ತಿಳಿಯುವುದಿಲ್ಲ. ಒಂದೊಂದು ಓಣಿಯ ಹಿರಿಯರು ತಮ್ಮ ಕಾಲದಲ್ಲಿ ಸಿಕ್ಕದ್ದನ್ನು ತಂದು ಕೂರಿಸಿದ್ದಾರೆ. ಅದನ್ನು ಬದಲಿಸುವಂತಿಲ್ಲ, ಹೊಸ ಆವೃತ್ತಿ ಏರಿಸುವಂತಿಲ್ಲ, ಒಂದು ಗಳಿಗೆಯೂ ನಿಲ್ಲಿಸುವಂತಿಲ್ಲ. ಸೊಪ್ಪಿನ ಓಣಿಯದು ಹಿಂದೊಮ್ಮೆ ನಿಂತು ಮತ್ತೆ ಶುರುವಾದಾಗ, ಅಕ್ಕಪಕ್ಕದವರನ್ನು ಪರಸ್ಪರ ಪರಿಚಯ ಮಾಡಿಸಲು ಪುರಸಭೆಯವರು ಪಟ್ಟಿ ಹಿಡಿದು ಮನೆ ಮನೆ ತಿರುಗಿದರಂತೆ. ಕೆಲವು ಮನೆಗಳಲ್ಲಿ ಗಂಡಹೆಂಡಿರನ್ನೂ ಪರಿಚಯ ಮಾಡಿಸಬೇಕಾಯಿತಂತೆ.

ನಾನು ದಾಕ್ಷಾಯಣಿ, ಪುರಸಭೆಯ ಯಂತ್ರ ವಿಭಾಗದವಳು. ಹುಟ್ಟಿದ್ದು ಹುಣಿಸೆ ಓಣಿಯಲ್ಲಿ, ಕೆಲಸಕ್ಕೆ ಸೇರಿದ ಮೇಲೆ ಇರುವುದು ಗಡಿಯಾರ ಓಣಿಯ ಕ್ವಾರ್ಟರ್ಸಿನಲ್ಲಿ. ಗಡಿಯಾರ ಓಣಿಯ ಯಂತ್ರ ಐದರಲ್ಲಿ ಕಿರಿಯದು, ಅದರ ಮೇಲೆ ಕೂತು ನಾನು ಬರೆದ ಪ್ರೋಗ್ರಾಮಿಗೆ ಪಹರೆ ಎಂದು ಹೆಸರಿಟ್ಟೆ. ಅದರ ಕೆಲಸ ಇಷ್ಟೇ: ಆಗಾಗ ಯಂತ್ರದ ಯೋಗಕ್ಷೇಮ ಕೇಳಿ, ಡಿಸ್ಕ್ ಎಷ್ಟು ತುಂಬಿದೆ ಎಂದು ಫಲಕಕ್ಕೆ ತಿಳಿಸುವುದು. ಗಡಿಯಾರ ಓಣಿಯಲ್ಲಿ ಅದು ಎರಡೇ ವಾರದಲ್ಲಿ ಓಡಿತು. ಉಳಿದ ಒಂದು ವರ್ಷಕ್ಕೂ ಮಿಕ್ಕ ಕಾಲ ಹಿಡಿದದ್ದು ಅದೇ ಪ್ರಶ್ನೆಯನ್ನು ಉಳಿದ ನಾಲ್ವರಿಗೆ ಅರ್ಥವಾಗುವ ಹಾಗೆ ಕೇಳಲು.

ಆ ವರ್ಷದಷ್ಟು ಸುಖವನ್ನು ನಾನು ಬೇರೆ ಯಾವಾಗಲೂ ಕಂಡಿಲ್ಲ. ಸೊಪ್ಪಿನ ಓಣಿಯ ಯಂತ್ರಕ್ಕೆ ನನ್ನ ಅರ್ಧ ಪದಗಳೇ ಗೊತ್ತಿರಲಿಲ್ಲ, ಅದಕ್ಕಾಗಿ ಎಲ್ಲವನ್ನೂ ಹಳೆಯ ಪದಗಳಲ್ಲಿ ತಿರುಗಿ ಬರೆದೆ. ಕಂಚಗಾರ ಓಣಿಯಲ್ಲಿ ಯಂತ್ರದೊಳಗಿನ ಪ್ರೋಗ್ರಾಮುಗಳನ್ನು ಯಾರು ಯಾರು ಓಡುತ್ತಿದ್ದೀರಿ ಎಂದು ಕೇಳುವಾಗ ನಡುವೆ ಒಂದು ಅಡ್ಡಗೆರೆ ಹಾಕಿದರೆ ಒಂದು ಉತ್ತರ, ಹಾಕದಿದ್ದರೆ ಇನ್ನೊಂದು. ಮೇಲಿನ ಓಣಿಯ ಯಂತ್ರ ಲೆಕ್ಕ ಹೇಳುತ್ತಿದ್ದದ್ದು ಬೇರೆಯೇ ಅಳತೆಯಲ್ಲಿ, ನಾವು ಸೇರಿನಲ್ಲಿ ಕೇಳಿದರೆ ಅದು ಚೀಲದಲ್ಲಿ ಹೇಳುವಂಥದ್ದು. ಮೊದಲ ದಿನ ನನ್ನ ಫಲಕ, ಇಡೀ ಮೇಲಿನ ಓಣಿಗೆ ಒಂದು ಕೋಳಿಗೆ ಸಾಕಾಗುವಷ್ಟು ನೆನಪಿದೆ ಎಂದು ತೋರಿಸಿತು, ಆ ಓಣಿಯ ಹಿರಿಯರು ನನ್ನ ಮೇಲೆ ಅರ್ಜಿ ಬರೆದರು. ಒಂದೊಂದು ಗಂಟು ಬಿಚ್ಚಿದಾಗಲೂ ನಾನು ಯಂತ್ರದ ಮನೆಯಿಂದ ಹೊರಗೆ ಓಡಿ ಬಂದು ಎದುರಿಗೆ ಸಿಕ್ಕವರಿಗೆ ಹೇಳುತ್ತಿದ್ದೆ. ಅವರು ಪಾಪ, ತಲೆ ಆಡಿಸುತ್ತಿದ್ದರು.

ಕೊನೆಯದು ಹುಣಿಸೆ ಓಣಿ, ಎಲ್ಲಕ್ಕಿಂತ ಹಳೆಯದು. ಅದನ್ನು ಕಾಯುವವರು ಮಡಿವಾಳಪ್ಪ ಕಾಕಾ. ಅವ್ವ ಇರುವ ನಮ್ಮ ಮನೆಯಿಂದ ಮೂರು ಮನೆ ಆಚೆ ಯಂತ್ರದ ಮನೆ, ಅದರಲ್ಲಿ ನಲವತ್ತು ವರ್ಷದಿಂದ ಅವರು. ದಿನಾ ಬೆಳಿಗ್ಗೆ ಡಿಸ್ಕಿನ ಲೆಕ್ಕ ಕೇಳಿ ಪಾಟಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದರು. ಅಲ್ಲಿ ಪಹರೆ ಎಂಬತ್ತು ಸಲ ಬಿತ್ತು, ಎಂಬತ್ತು ಸಲ ಎಬ್ಬಿಸಿದೆ. ಎಲ್ಲಿ ಎಡವುತ್ತಿದೆ ಎಂದು ಕಾಣಲಿ ಅಂತ, ಅಲ್ಲಿ ಮಾತ್ರ, ಪ್ರತಿ ಸೆಕೆಂಡಿಗೂ ಕಂಡದ್ದನ್ನೆಲ್ಲ ಲಾಗಿನಲ್ಲಿ ಬರೆದಿಡು ಎಂದು ಅಪ್ಪಣೆ ಕೊಟ್ಟಿದ್ದೆ. ಲಾಗ್ ಎಂದರೆ ಕಾವಲುಗಾರನ ದಿನಚರಿ. ಕೊನೆಗೊಂದು ದಿನ ಅದು ಬೀಳದೆ ಓಡಿತು. ಕಾಕಾನ ಪಾಟಿಯ ಮೇಲೆ ಡಿಸ್ಕ್ ಅರ್ಧ ತುಂಬಿದೆ ಎಂದಿತ್ತು, ನನ್ನ ಫಲಕವೂ ಅರ್ಧ ಎಂದಿತು. ಆ ಖುಷಿಯಲ್ಲೇ ನಾನು ಕುರ್ಚಿ ಹತ್ತಿದ್ದು.

ಮುಂದಿನ ಮೂರು ತಿಂಗಳಲ್ಲಿ ಫಲಕ ಊರಿನ ದೇವರಾಯಿತು. ಜನ ಸಂತೆಗೆ ಹೋಗುವ ದಾರಿಯಲ್ಲಿ ಇಣುಕಿ ತಮ್ಮ ಓಣಿಯ ಪಟ್ಟಿ ನೋಡಿಕೊಂಡು ಹೋಗುತ್ತಿದ್ದರು. ಪಟ್ಟಿ ಗಿಡ್ಡ ಇದ್ದಷ್ಟೂ ಜಾಗ ಹೆಚ್ಚು. ಎಲ್ಲರ ಪಟ್ಟಿಯೂ ನಿಧಾನವಾಗಿ ಬೆಳೆಯುತ್ತಿದ್ದರೆ ಹುಣಿಸೆ ಓಣಿಯದು ಮಾತ್ರ ವಾರವಾರಕ್ಕೂ ಕುಗ್ಗುತ್ತಿತ್ತು. ನಮ್ಮ ಓಣಿಯ ನೀರೇ ಬೇರೆ ಎಂದು ಆ ಓಣಿಯವರು ಮೀಸೆ ತಿರುವಿದರು. ಕೊನೆಯ ಎರಡು ಅಮಾವಾಸ್ಯೆಗೆ ಹೆಚ್ಚುಕಡಿಮೆ ಯಾರೂ ನೆನಪು ಬಿಟ್ಟುಕೊಡಲಿಲ್ಲ, ಬೆಲ್ಲ ಇರುವೆಗೆ ಹೋಯಿತು. ಕಾಕಾ ಕೂಡ, ಫಲಕ ಇದೆಯಲ್ಲ ಎಂದು ಪಾಟಿ ತೊಳೆದು ಗೋಡೆಗೆ ಆನಿಸಿಟ್ಟರು. ನನ್ನ ತಲೆ ಎಷ್ಟು ತಿರುಗಿತ್ತೆಂದರೆ, ಬಳಸಿದಷ್ಟೂ ಜಾಗ ಹೆಚ್ಚುವುದು ಹೇಗೆ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ.

ಇಡೀ ಓಣಿಯಲ್ಲಿ ಒಬ್ಬಳೇ ಅಮಾವಾಸ್ಯೆ ತಪ್ಪಿಸಲಿಲ್ಲ, ನನ್ನ ಅಕ್ಕ ಕಸ್ತೂರಿ. ಮೇಲಿನ ಓಣಿಗೆ ಕೊಟ್ಟಿದ್ದ ಅವಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮದುವೆಯಾಗಿ ಹನ್ನೊಂದು ವರ್ಷ. ನಡುವೆ ಎರಡು ಸಲ ಆಸೆ ಹುಟ್ಟಿ ಹೋಗಿತ್ತು. ಈ ಸಲ ಅವಳದು ಒಂದೇ ಹಟ: ಮೊದಲ ಬೇನೆಯಿಂದ ಹಿಡಿದು ಮಗುವಿನ ಮೊದಲ ಅಳುವಿನ ತನಕ ಒಂದು ಚೂರೂ ಬಿಡದೆ ನೆನಪಿಟ್ಟುಕೊಳ್ಳಬೇಕು. ಅದಕ್ಕೆ ಜಾಗ ಇರಲಿ ಎಂದು ಎರಡೂ ಅಮಾವಾಸ್ಯೆಗೆ ಕಾಕಾನ ಹತ್ತಿರ ಹೋಗಿ ಬಂದಳು. ಫಲಕ ನೋಡು, ನಿನ್ನ ಓಣಿಯಲ್ಲಿ ಆನೆ ಮಲಗುವಷ್ಟು ಜಾಗ ಇದೆ ಎಂದು ನಾನು ಗೇಲಿ ಮಾಡಿದರೆ, ಹಡೆಯೋಳು ನಾನೋ ನಿನ್ನ ಫಲಕಾನೋ ಎಂದು ಕೇಳಿದಳು.

ಆ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಬೇನೆ ಶುರುವಾಗಿದೆ ಎಂದು ಹೇಳಿಕಳಿಸಿದರು. ನಾನು ಓಡಿದೆ. ಅವ್ವ ಅಡುಗೆಮನೆಯಿಂದ ಬಂದು ಸೆರಗಿನಿಂದ ಬೆವರು ಒರೆಸಿಕೊಂಡು, ಯಾವಾಗ ಬಂದೆ, ಚಹಾ ಮಾಡುತ್ತೇನೆ ಅಂದಳು. ಕುಡಿದೆ. ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತಾಗಿತ್ತು, ಮತ್ತೆ ಬಂದು, ಯಾವಾಗ ಬಂದೆ ಅಂದಳು. ಗಡಿಬಿಡಿಯಲ್ಲಿ ಇದ್ದಾಳೆ ಎಂದು ನಗುತ್ತ ಎರಡನೆಯದನ್ನೂ ಕುಡಿದೆ. ಒಳಗಿನಿಂದ ಅದೇ ಓಣಿಯ ಸೂಲಗಿತ್ತಿ ಹುಸೇನಬಿ, ಇದೀಗ ಮೊದಲನೇ ಬೇನೆ ಬಂತು ನೋಡ್ರಿ ಎಂದು ಕೂಗಿ ಹೇಳಿದಳು. ಅದೇ ಮಾತನ್ನು ಅವಳು ನಾನು ಬಂದಾಗಲೂ ಹೇಳಿದ್ದಳು. ಅವ್ವ ಮೂರನೆಯ ಲೋಟ ಹಿಡಿದು ಬಾಗಿಲಲ್ಲಿ ನಿಂತಾಗ ನನಗೆ ಕಂಚಗಾರ ಓಣಿಯ ಆ ಮದುಮಗಳು ನೆನಪಾದಳು.

ಒಳಗೆ ನುಗ್ಗಿದೆ. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಮುಖವೆಲ್ಲ ಬೆವರು, ಕಣ್ಣು ಮಾತ್ರ ಥಳಥಳ ಹೊಳೆಯುತ್ತಿತ್ತು. "ದಾಕ್ಷಿ, ಈಗ ಬಂದದ್ದು ಮೊದಲನೇ ಬ್ಯಾನಿ. ಲಕ್ಷ್ಯ ಇಟ್ಟು ನೆನಪಿಟ್ಟುಕೊಳ್ಳಾಕತ್ತೀನಿ," ಅಂದಳು. ಎಷ್ಟನೆಯದೋ ಅದು. ಹುಸೇನಬಿಗೂ ಲೆಕ್ಕ ಇರಲಿಲ್ಲ. ಅವಳ ಕೈಗೆ ಒಲೆಯ ಇದ್ದಿಲು ಕೊಟ್ಟು, ಬೇನೆ ಬಂದಾಗೊಮ್ಮೆ ಗೋಡೆಯ ಮೇಲೆ ಗೆರೆ ಎಳೆ, ಯಾಕೆ ಎಂದು ಕೇಳಬೇಡ, ಎಂದೆ. ಯಾಕೆ ಎಂದು ಮರೆತರೂ ಕೈಯಲ್ಲಿ ಇದ್ದಿಲು, ಎದುರಿಗೆ ಗೆರೆ ಇರುತ್ತದೆ ಎಂಬ ಧೈರ್ಯದ ಮೇಲೆ ಅಲ್ಲಿಂದ ಓಡಿದೆ.

ಕಾಕಾ ಯಂತ್ರದ ಮುಂದೆ ಸ್ಟೂಲಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ನಾನು ಅವರನ್ನು ದಾಟಿ ಕೈಯಾರೆ ಡಿಸ್ಕಿನ ಲೆಕ್ಕ ಕೇಳಿದೆ. ಉತ್ತರ ಬಂತು. ಮೇಲಿನ ತಲೆಬರಹದ ಸಾಲನ್ನು ನಾನು ಅಂದು ಮೊದಲ ಸಲ ಓದಿದೆ. ಉಳಿದ ನಾಲ್ಕು ಯಂತ್ರಗಳಲ್ಲಿ ಮೊದಲನೆಯ ಅಂಕಿ ಒಟ್ಟು ಜಾಗ, ಎರಡನೆಯದು ಬಳಸಿದ ಜಾಗ. ಹುಣಿಸೆ ಓಣಿಯ ಯಂತ್ರ ಎರಡನೆಯ ಅಂಕಿಯಾಗಿ ಹೇಳುತ್ತಿದ್ದದ್ದು ಖಾಲಿ ಇರುವ ಜಾಗ. ನನ್ನ ಪಹರೆ ಮೂರು ತಿಂಗಳಿಂದ ಖಾಲಿಯನ್ನೇ ಬಳಸಿದ್ದು ಎಂದು ಓದುತ್ತಿತ್ತು. ಮೊದಲ ದಿನ ಸರಿಯಾಗಿ ಅರ್ಧ ಇದ್ದದ್ದರಿಂದ ಎರಡೂ ಒಂದೇ ಆಗಿ ಕಂಡಿತ್ತು. ಡಿಸ್ಕ್ ತುಂಬುತ್ತ ಹೋದ ಹಾಗೆ ಪಟ್ಟಿ ಕುಗ್ಗಿತ್ತು, ಜನ ಮೀಸೆ ತಿರುವಿದ್ದರು. ಈಗ ಎರಡನೆಯ ಅಂಕಿ ಸೊನ್ನೆ. ಶೇಕಡಾ ಎಷ್ಟು ಎಂದು ಯಂತ್ರವೇ ಪಕ್ಕದಲ್ಲಿ ಬರೆದಿತ್ತು, ನೂರು. ಆ ಲೆಕ್ಕ ನಾನೇ ಹಾಕುತ್ತೇನೆ ಎಂಬ ಜಂಬದಲ್ಲಿ ಅದನ್ನು ನೋಡುವ ಗೋಜಿಗೆ ನಾನು ಹೋಗಿರಲೇ ಇಲ್ಲ.

"ಕಾಕಾ, ಡಿಸ್ಕ್ ತುಂಬೇತ್ರಿ. ತಪ್ಪು ನಂದು. ನಾನು ಅಂಕಿ ತಪ್ಪು ಓದೀನಿ," ಎಂದೆ. ಅವರು ಸ್ವಲ್ಪವೂ ಸಿಟ್ಟಾಗಲಿಲ್ಲ. "ಹೋಗ್ಲಿ ಬಿಡವ್ವ. ನಡಿಯೋರು ಎಡವ್ತಾರ, ಕುಂತೋರು ಎಡವ್ತಾರೇನು?" ಅಂದರು. ಅಕ್ಕನಿಗೆ ಬೇನೆ ಬಂದಿದೆ ಎಂದು ಹೇಳಿದ್ದೇ ತಡ, ಸ್ಟೂಲು ಎಳೆದುಕೊಂಡು ಕೂತು, ತಮ್ಮದೇ ಒಂದು ಹಳೆಯ ನೆನಪನ್ನು ಹುಡುಕಿ ಅಳಿಸಿ, ಡಬ್ಬಿಯಿಂದ ಬೆಲ್ಲ ತೆಗೆದು ಬಾಯಿಗೆ ಹಾಕಿಕೊಂಡರು. ಅದು ಯಾವುದೆಂದು ನಾನು ಕೇಳಲಿಲ್ಲ, ಈಗ ಕೇಳಿ ಪ್ರಯೋಜನವೂ ಇಲ್ಲ. ಸೊನ್ನೆ ಇದ್ದದ್ದು ಒಂದಿಷ್ಟು ಮೇಲೇರಿತು. ನಾನು ಉಸಿರು ಬಿಡುವಷ್ಟರಲ್ಲಿ ಮತ್ತೆ ಸೊನ್ನೆ.

ಯಾರೋ ನಿಂತಲ್ಲೇ ತಿನ್ನುತ್ತಿದ್ದಾರೆ. ಯಾರೆಂದು ಹುಡುಕಿದೆ. ಡಿಸ್ಕಿನ ಮೂಲೆಯಲ್ಲಿ ಒಂದು ಕಡತ ಇತ್ತು. ಹುಣಿಸೆ ಓಣಿಯ ಇನ್ನೂರು ಜನರ ಮದುವೆ, ಮಣ್ಣು, ಹಬ್ಬ, ಜಗಳ ಎಲ್ಲ ಸೇರಿಸಿದರೆ ಎಷ್ಟೋ, ಅದೊಂದೇ ಹೆಚ್ಚುಕಡಿಮೆ ಅಷ್ಟಿತ್ತು. ಬಿಚ್ಚಿ ನೋಡಿದರೆ ಒಂದೇ ಸಾಲು, ಸೆಕೆಂಡಿಗೊಂದರಂತೆ, ಮೂರು ತಿಂಗಳಿನದು: ಎಲ್ಲ ಕ್ಷೇಮ, ಎಲ್ಲ ಕ್ಷೇಮ, ಎಲ್ಲ ಕ್ಷೇಮ, ಅದರ ಹಿಂದೆ ಎರಡೆರಡು ಪುಟ ಅಂಕಿಗಳು. ನನ್ನ ಪಹರೆಯ ದಿನಚರಿ. ಉಳಿದ ಯಂತ್ರಗಳಲ್ಲಿ ಹಳೆಯ ಲಾಗನ್ನು ದಿನಾ ಕತ್ತರಿಸುವ ಏರ್ಪಾಡು ಇದೆ, ಇಷ್ಟು ಹಳೆಯದರಲ್ಲಿ ಇಲ್ಲ. ಎಲ್ಲವನ್ನೂ ಬರೆದಿಡು ಎಂದ ನಾನು ಇನ್ನು ಸಾಕು ಎಂದು ಹೇಳುವುದನ್ನು ಮರೆತಿದ್ದೆ. ನಮ್ಮೂರಲ್ಲಿ ಮರೆವಿಗೆಲ್ಲ ಡಿಸ್ಕನ್ನು ಬೈಯುವುದು ರೂಢಿ, ಇದು ಮಾತ್ರ ನನ್ನ ಸ್ವಂತ ಮರೆವು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಬೇಲಿ ಹಾಕಿದವಳು ಕುರ್ಚಿ ಹತ್ತಿ ಕೇಕೆ ಹಾಕಿದ್ದಳು.

ಕಡತವನ್ನು ಅಳಿಸಿದೆ. ಲೆಕ್ಕ ಕೇಳಿದೆ. ಸೊನ್ನೆ. ಕಡತ ಹುಡುಕಿದರೆ ಇಲ್ಲ, ಜಾಗ ಕೇಳಿದರೆ ಅದೂ ಇಲ್ಲ. ಮತ್ತೆ ಮತ್ತೆ ಕೇಳಿದೆ, ಅದೇ ಸೊನ್ನೆ. ಅಷ್ಟರಲ್ಲಿ ಕಾಕಾ ತಿರುಗಿ, ಅರೆ, ದಾಕ್ಷಿ ಯಾವಾಗ ಬಂದೆ ಎಂದು ಕೇಳಿದರು. ಎಲ್ಲವನ್ನೂ ಮೊದಲಿನಿಂದ ಹೇಳಿದೆ: ಅಂಕಿ, ಲಾಗು, ಅಕ್ಕ, ನನ್ನ ತಪ್ಪು. ಅವರು ಅದೇ ನಗುಮುಖದಿಂದ ಅದೇ ಮಾತು ಹೇಳಿದರು, ನಡೆಯುವವರು ಎಡವುತ್ತಾರೆ, ಕೂತವರು ಎಡವುತ್ತಾರೇನು. ಆದರೆ ಹೊಸದು ನಿಲ್ಲದಿದ್ದರೂ ಅವರ ನಲವತ್ತು ವರ್ಷ ಎಲ್ಲಿಯೂ ಹೋಗಿರಲಿಲ್ಲ. ಕಡತ ಅಳಿಸಿದೆ, ಜಾಗ ಬರಲಿಲ್ಲ ಎಂದದ್ದೇ, "ಹಾಳಿ ಹರದರ ಏನಾತು? ಬರಿಯಾವ ಇನ್ನೂ ಬರಿಯಾಕತ್ತಾನ. ಅವ ಕೈ ಬಿಡೂತನಕ ಈ ಮಿಷನ್ನು ಜಾಗ ಕೊಡಂಗಿಲ್ಲ. ಮೊದಲು ಅವನ್ನ ನಿಲ್ಲಸು," ಅಂದರು.

ಹೌದಲ್ಲ! ಪಹರೆಯೇ ಇನ್ನೂ ಓಡುತ್ತಿದೆ, ಕಡತವನ್ನು ಬಿಗಿಯಾಗಿ ಹಿಡಿದುಕೊಂಡಿದೆ. ಅದನ್ನು ನಿಲ್ಲಿಸಿದರೆ ಫಲಕದಲ್ಲಿ ಹುಣಿಸೆ ಓಣಿ ಕಪ್ಪಾಗುತ್ತದೆ, ಆಗಲಿ. ನನ್ನ ಬೆರಳು ತಾವಾಗಿಯೇ ಓಡಿದವು. ಗಡಿಯಾರ ಓಣಿಯಲ್ಲಿ ದಿನಕ್ಕೆ ಹತ್ತು ಸಲ ಹೊಡೆಯುವ ಕಮಾಂಡು, ಕಿಲ್‌ಆಲ್, ಮುಂದೆ ಪ್ರೋಗ್ರಾಮಿನ ಹೆಸರು. ಆ ಹೆಸರಿನವರನ್ನು ಮಾತ್ರ ಹುಡುಕಿ ನಿಲ್ಲಿಸುತ್ತದೆ, ಎಷ್ಟು ಸುಲಭ. ಕೊನೆಯ ಅಕ್ಷರ ಹೊಡೆದು ಎಂಟರ್ ಒತ್ತಲು ಕೈ ಎತ್ತಿದೆ. ಕಾಕಾ ನನ್ನ ಮಣಿಕಟ್ಟು ಹಿಡಿದರು. ಆ ಮುದಿ ಕೈಯಲ್ಲಿ ಅಷ್ಟು ಬಲ ಇದೆ ಎಂದು ನನಗೆ ಗೊತ್ತಿರಲಿಲ್ಲ.

"ಇದು ನಿಮ್ಮ ಗಡಿಯಾರ ಓಣಿ ಮಿಷನ್ ಅಲ್ಲ," ಅಂದರು. "ಇಲ್ಲೆ ಆ ಮಾತು ಹೇಳಿದರ ಅದು ಹೆಸರು ನೋಡಂಗಿಲ್ಲ. ಓಡೂವನ್ನೆಲ್ಲಾ ಕೊಂದು ತಾನೂ ಮಲಗತೈತಿ."

ಯಂತ್ರ ನಿಂತಿದ್ದರೆ ಅಕ್ಕ ಯಾರ ಮಗುವನ್ನು ಯಾರು ಹಡೆಯುತ್ತಿದ್ದಾರೆಂದು ಗೊತ್ತಿಲ್ಲದೆ ಹಡೆಯುತ್ತಿದ್ದಳು. ಪಕ್ಕದಲ್ಲಿ ಅವ್ವ ಕೂತಿದ್ದರೂ ಅದು ಅವ್ವ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ಒಂದೊಂದೇ ಅಕ್ಷರ ಅಳಿಸಿದೆ. ಇಲ್ಲಿನ ರೀತಿಯೇ ಬೇರೆ: ಓಡುತ್ತಿರುವವರ ಪಟ್ಟಿ ತೆಗೆದು, ಪಹರೆಯ ಸಂಖ್ಯೆ ಹುಡುಕಿ, ಆ ಸಂಖ್ಯೆ ಹೇಳಿ ಅದೊಂದನ್ನೇ ನಿಲ್ಲಿಸಬೇಕು. ಪಟ್ಟಿ ಉದ್ದ ಇತ್ತು, ಪರದೆಯಲ್ಲಿ ಸರ್ರನೆ ಜಾರಿಹೋಯಿತು. ಎರಡನೆಯ ಸಲ ಸ್ವಲ್ಪ ಸ್ವಲ್ಪವೇ ತೆಗೆದೆ. ಕಾಕಾ ಮತ್ತೆ ಯಾವಾಗ ಬಂದೆ ಎಂದು ಕೇಳಿದರು. ಕಣ್ಣು ಪಟ್ಟಿಯ ಮೇಲಿಟ್ಟೇ ಮೂರನೆಯ ಸಲ ತಪ್ಪು ಒಪ್ಪಿಕೊಂಡೆ, ಮೂರನೆಯ ಸಲ ಕ್ಷಮೆ ಸಿಕ್ಕಿತು. ನಾಲ್ಕು ಸಾವಿರದ ನಾನೂರ ಹದಿನೇಳು. ಸಿಕ್ಕಿತು! ನಿಲ್ಲಿಸು ಎಂದು ಬರೆದು, ಸಂಖ್ಯೆ ಹೊಡೆದೆ.

ಆಗ ಅಳು ಕೇಳಿಸಿತು. ಮೂರು ಮನೆ ಆಚೆಯಿಂದ, ಗೋಡೆ ಕಿಟಕಿ ಎಲ್ಲ ದಾಟಿ ಬಂದ ಸಪೂರ ಅಳು. ಹನ್ನೊಂದು ವರ್ಷದಿಂದ ನಮ್ಮ ಮನೆ ಆ ದನಿಗೆ ಕಾದಿತ್ತು. ನಾನು ಏನು ಮಾಡಿದೆ ಎಂದರೆ, ಎದ್ದು ಓಡಿದೆ. ಎಂಟರ್ ಒತ್ತಲಿಲ್ಲ. ಒಂದು ಬೆರಳು, ಒಂದು ಗುಂಡಿ. ಯೋಚಿಸಲೇ ಇಲ್ಲ. ಚಪ್ಪಲಿ ಬಿಟ್ಟು, ಓಣಿಯ ನಡುವೆ ಒಣಹಾಕಿದ್ದ ಶಾವಿಗೆಯನ್ನು ಹಾರಿ, ಬಾಗಿಲಿಗೆ ಭುಜ ತಗುಲಿಸಿಕೊಂಡು ಒಳಗೆ ಹೋಗಿ ನಿಂತೆ.

ಹೆಣ್ಣು ಮಗು. ಮೈಯೆಲ್ಲ ಕೆಂಪು, ತಲೆಯ ತುಂಬ ಒದ್ದೆ ಕೂದಲು, ಒಂದು ಕಣ್ಣು ಮಾತ್ರ ತೆರೆದು ಮನೆಯನ್ನು ಅನುಮಾನದಿಂದ ನೋಡುತ್ತಿತ್ತು. ಗೋಡೆಯ ಮೇಲೆ ಇದ್ದಿಲಿನ ಇಪ್ಪತ್ತಾರು ಗೆರೆ. ಹುಸೇನಬಿ ಮಗುವನ್ನು ಎತ್ತಿ ಅಕ್ಕನ ಎದೆಯ ಮೇಲೆ ಇಟ್ಟಳು. ಅಕ್ಕ ಅಳಲಿಲ್ಲ. ಹೊಲದಿಂದ ತಡವಾಗಿ ಬಂದವರನ್ನು ಹೊಸ್ತಿಲಲ್ಲಿ ನಿಂತು ಮಾತಾಡಿಸುವ ಹಾಗೆ, ಬಹಳ ಮೆಲ್ಲಗೆ, "ಬಂದ್ಯಾ? ಭಾಳ ಹೊತ್ತು ಮಾಡಿದಿ," ಅಂದಳು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಅಳುತ್ತಿದ್ದೆ, ನಗುತ್ತಿದ್ದೆ. ಮಗುವಿನ ಕಾಲು ಮುಟ್ಟಿದೆ, ಬೆರಳು ಎಣಿಸಿದೆ, ಮೂಗು ನಮ್ಮ ಅಪ್ಪನದು ಎಂದೆ, ಅಲ್ಲ ಎಂದು ಅವ್ವ ಜಗಳ ತೆಗೆದಳು. ಎಷ್ಟು ಹೊತ್ತು ಹಾಗೆ ಇದ್ದೆವೋ. ಅವ್ವ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, ದಾಕ್ಷಿ, ಯಾವಾಗ ಬಂದೆ ಎಂದು ಕೇಳಿದಳು.

ಬಂದದ್ದಕ್ಕಿಂತ ಜೋರಾಗಿ ಓಡಿದೆ. ಪರದೆಯ ಮೇಲೆ ಸಂಖ್ಯೆ ಇನ್ನೂ ಹಾಗೇ ಇತ್ತು. ಎಂಟರ್ ಒತ್ತಿದೆ. ಪಹರೆ ನಿಂತಿತು. ಸೊನ್ನೆ ಇದ್ದ ಎರಡನೆಯ ಅಂಕಿ ಒಂದೇ ನೆಗೆತಕ್ಕೆ ಹತ್ತಿರ ಹತ್ತಿರ ಅರ್ಧ ಡಿಸ್ಕಿನಷ್ಟಾಯಿತು. ಕಾಕಾ ಅದನ್ನು ನೋಡಿ, ಎಷ್ಟೊಂದು ಜಾಗ ಐತಲ್ಲ ಎಂದು ಸಂತೋಷಪಟ್ಟರು.

ಮನೆಗೆ ವಾಪಸು ಬಂದಾಗ ಅಕ್ಕ ಎದೆಯ ಮೇಲಿನ ಮಗುವನ್ನೇ ನೋಡುತ್ತಿದ್ದಳು. ಹುಸೇನಬಿ ಕೈಯ ಇದ್ದಿಲನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಅಕ್ಕ ತಲೆಯೆತ್ತಿ ಕೇಳಿದಳು, "ಇದು ಯಾವಾಗ ಆತು? ನನಗ್ಯಾಕ ಯಾರೂ ಹೇಳಲಿಲ್ಲ?"

ಆ ಹೊತ್ತಿನಲ್ಲಿ ನಾನು ಸುಮ್ಮನಿರಬಹುದಿತ್ತು. ಕಾಕಾಗೆ ಏನೂ ನೆನಪಿಲ್ಲ, ಅವ್ವನಿಗಿಲ್ಲ, ಹುಸೇನಬಿಗಿಲ್ಲ. ಡಿಸ್ಕ್ ಹಳೆಯದು, ತುಂಬಿತು, ಖಾಲಿ ಮಾಡಿದೆ ಎಂದರೆ ಮುಗಿಯುತ್ತಿತ್ತು. ಊರೆಲ್ಲ ನನ್ನನ್ನು ಹೊಗಳುತ್ತಿತ್ತು ಕೂಡ. ಅದು ನನ್ನ ತಲೆಗೆ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಅಕ್ಕ ಕೇಳುತ್ತಿದ್ದಳು. ಅವಳ ಕಾಲ ಬಳಿ ಕೂತು ಎಲ್ಲ ಹೇಳಿದೆ. ಎರಡನೆಯ ಅಂಕಿ, ನಿಲ್ಲಿಸದೆ ಬಿಟ್ಟ ಲಾಗು, ಕೊನೆಗೆ ಒತ್ತದೆ ಬಂದ ಆ ಗುಂಡಿ. ಅದನ್ನು ಒತ್ತಿ ಬಂದಿದ್ದರೆ ಹೆತ್ತ ಗಳಿಗೆ ಅವಳ ಕೈಯಲ್ಲೇ ಇರುತ್ತಿತ್ತು, ನಿಲ್ಲುತ್ತಿತ್ತು. ಅಕ್ಕ ನನ್ನ ಮುಖ ನೋಡಲಿಲ್ಲ. "ಹೊರಗ ಹೋಗು," ಅಂದಳು.

ಯಂತ್ರದ ಮನೆಗೆ ಹೋಗಿ ಕಾಕಾಗೆ ನಾಲ್ಕನೆಯ ಸಲ ಹೇಳಿದೆ. ಈ ಸಲ ಮಾತು ನಿಲ್ಲಲು ಅವರಲ್ಲಿ ಜಾಗ ಇತ್ತು. ಅಷ್ಟು ಹೊತ್ತು ನಗುತ್ತ ಕ್ಷಮಿಸಿದ ಮನುಷ್ಯ ಈಗ ಪೂರ್ತಿ ಕೇಳಿಸಿಕೊಂಡು, ಎದ್ದು ನಿಂತು, ನನ್ನ ಓದು, ನನ್ನ ಫಲಕ, ನನ್ನ ಪುರಸಭೆ ಒಂದನ್ನೂ ಬಿಡದೆ ಅರ್ಧ ಗಂಟೆ ಬೈದರು. ತಲೆಬರಹ ಓದದವಳು ಲೆಕ್ಕಕ್ಕೆ ಯಾಕೆ ಕೂತೆ ಎಂದರು. ಬೈದು ಸುಸ್ತಾಗಿ, ಗೋಡೆಗೆ ಆನಿಸಿದ್ದ ಪಾ‌ಟಿಯನ್ನು ಒರೆಸಿ, ಆ ದಿನದ ಅಂಕಿಯನ್ನು ಸೀಮೆಸುಣ್ಣದಲ್ಲಿ ಬರೆದರು. ನಾನು ತಲೆ ತಗ್ಗಿಸಿ ನಿಂತು ಕೇಳಿದೆ. ಮೂರು ಕ್ಷಮೆಗಿಂತ ಆ ಬೈಗುಳ ನನಗೆ ಹಿತವಾಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಅವ್ವ ಬಂದು, ಅಕ್ಕ ಕರೆಯುತ್ತಿದ್ದಾಳೆ ಎಂದಳು. ಹೋದೆ. ಮಗು ಮಲಗಿತ್ತು. ಅಕ್ಕನ ಕಣ್ಣು ಊದಿದ್ದವು. ಗೋಡೆಯ ಗೆರೆಗಳನ್ನು ತೋರಿಸಿ ಎಷ್ಟು ಎಂದು ಕೇಳಿದಳು. ಇಪ್ಪತ್ತಾರು ಎಂದೆ. ನನ್ನ ಓಣಿ ಬೇರೆ, ನನ್ನ ಯಂತ್ರ ಬೇರೆ, ಆದ್ದರಿಂದ ಆ ಮನೆಯಲ್ಲಿ ಅಂದು ನಡೆದದ್ದು ಇರುವುದು ನನ್ನೊಬ್ಬಳ ಹತ್ತಿರ ಎಂದು ಅವಳಿಗೆ ಅಷ್ಟು ಹೊತ್ತಿಗೆ ಹೊಳೆದಿತ್ತು. "ಕುಂದರು. ಒಂದನ್ನೂ ಬಿಡದಂಗ ಹೇಳು," ಅಂದಳು.

ಹೇಳಿದೆ. ಅವ್ವನ ಮೂರು ಲೋಟ ಚಹಾದಿಂದ ಹಿಡಿದು ಹೇಳಿದೆ. ಮೊದಲನೇ ಬೇನೆ ಎಂದು ಅವಳು ಹೊಳೆವ ಕಣ್ಣಿನಿಂದ ಹೇಳಿದ್ದು, ಅಳು ಗೋಡೆ ದಾಟಿ ಬಂದದ್ದು, ಒಂದೇ ಕಣ್ಣು ತೆರೆದು ಮಗು ಮನೆ ನೋಡಿದ್ದು. ಹೇಳುತ್ತ ಹೇಳುತ್ತ ನನಗೇ ಮೈ ಬಿಸಿಯಾಗಿ, ಎದ್ದು ನಿಂತು, ಹುಸೇನಬಿ ಹೇಗೆ ಎತ್ತಿದಳೆಂದು ಕೈಯಲ್ಲಿ ತೋರಿಸಿದೆ. ಅಕ್ಕ ನಗಲು ಶುರು ಮಾಡಿದಳು. ಮಗುವನ್ನು ಎದೆಯ ಮೇಲೆ ಇಟ್ಟಾಗ ತಾನು ಏನು ಅಂದದ್ದು ಎಂದು ಕೇಳಿದಳು. ಹೇಳಿದೆ. ಅವಳು ಮಲಗಿದ್ದ ಮಗುವನ್ನು ಎತ್ತಿ ಎದೆಯ ಮೇಲೆ ಇಟ್ಟುಕೊಂಡಳು.

"ಬಂದ್ಯಾ? ಭಾಳ ಹೊತ್ತು ಮಾಡಿದಿ."

"ಹಂಗಲ್ಲ," ಎಂದೆ. "ಇನ್ನೂ ಸಣ್ಣ ದನಿಯಾಗ ಅಂದಿದ್ದಿ."

ಅಕ್ಕ ಮಗುವಿನ ಕಿವಿಯ ಹತ್ತಿರಕ್ಕೆ ಬಗ್ಗಿ, ಇನ್ನೂ ಸಣ್ಣ ದನಿಯಲ್ಲಿ, ಮತ್ತೊಂದು ಸಲ ಹೇಳಿದಳು.